ಕೇಳದ ಕ್ಯಾಸೆಟ್ಟುಗಳು

ಉಪ್ಪುಂದದ ಉಮಾನಾಥನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಊರಿನವರು ನಂಬಿದ್ದರು. ಮೀನಿನ ಟೆಂಪೋ ಓಡಿಸುವವನು ಸುಳ್ಳು ಹೇಳದೆ ಬದುಕುವುದುಂಟೇ? ಐಸು ಕರಗಿ ಕಣ್ಣು ಕೆಂಪಾದ ಬಂಗುಡೆಯನ್ನು, ಈಗಷ್ಟೇ ಬೋಟಿನಿಂದ ಇಳಿದದ್ದು ಎಂದು ಭಟ್ಕಳದ ಪೇಟೆಯಲ್ಲಿ ಆಣೆ ಹಾಕಬೇಕಾಗುತ್ತದೆ. ಅದು ವ್ಯಾಪಾರ, ಅದನ್ನು ಯಾವ ದೇವರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ ಹೇಳಹೊರಟ ಸುಳ್ಳು ಬೇರೆ. ಅದು ತೀರಾ ಸಣ್ಣದು, ನೀವೂ ನಾನೂ ವಾರಕ್ಕೊಮ್ಮೆಯಾದರೂ ಹೇಳುವಂಥದ್ದು. ಯಾರೋ ಪ್ರೀತಿಯಿಂದ ಒಂದು ಹಾಡು ಕೊಟ್ಟು ಕೇಳು ಅನ್ನುತ್ತಾರೆ, ನಾವು ಕೇಳಿರುವುದಿಲ್ಲ, ಆದರೂ ಮುಖ ಸಿಕ್ಕಿದಾಗ 'ಕೇಳಿದೆ, ಬಹಳ ಚೆನ್ನಾಗಿತ್ತು' ಅನ್ನುತ್ತೇವೆ. ಉಮಾನಾಥ ಹೇಳಿದ್ದೂ ಅಷ್ಟೇ. ಹೇಳಿದ್ದು ಮಾತ್ರ ಹೇಳಬಾರದವರಿಗೆ.

ಅವರು ಅವನ ಭಾವ, ತ್ರಾಸಿಯ ಗುಣಪಾಲ. ಅಕ್ಕ ರತ್ನಳ ಗಂಡ. ಗಂಗೊಳ್ಳಿ ಬಂದರಿನ ಒಂದು ಟ್ರಾಲ್ ಬೋಟಿನಲ್ಲಿ ಡ್ರೈವರ್ ಆಗಿದ್ದ. ಬೋಟಿನ ಡ್ರೈವರ್ ಎಂದರೆ ಮೇಲೆ ಗಾಳಿಗೆ ಮುಖ ಕೊಟ್ಟು ಚುಕ್ಕಾಣಿ ಹಿಡಿಯುವವನಲ್ಲ, ಅವನು ತಂಡೇಲ. ಡ್ರೈವರ್ ಇರುವುದು ಕೆಳಗೆ, ಇಂಜಿನ್ ಪಕ್ಕದಲ್ಲಿ, ಡೀಸೆಲ್ ವಾಸನೆಯಲ್ಲಿ, ಎದೆ ಗುದ್ದುವ ಸದ್ದಿನ ನಡುವೆ. ಅದಕ್ಕೇ ಏನೋ ಗುಣಪಾಲನಿಗೆ ಮಾತು ಕಡಿಮೆ. ಅವನ ಬಾಯಿ ಬಿಡಿಸಬೇಕೆಂದರೆ ಒಂದೇ ದಾರಿ, ಕೆಳಮನೆ ಭಾಗವತರ ಹೆಸರೆತ್ತಬೇಕು. ಯಕ್ಷಗಾನದಲ್ಲಿ ಪದ್ಯ ಹೇಳುವ ಭಾಗವತರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ, ಒಬ್ಬೊಬ್ಬರಿಗೂ ಜೀವ ಬಿಡುವ ಅಭಿಮಾನಿಗಳಿದ್ದಾರೆ. ಗುಣಪಾಲನ ಜೀವ ಕೆಳಮನೆಯವರದ್ದು. ಅವರ ಆಟ ಎಲ್ಲಿದ್ದರೂ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ, ರಂಗಸ್ಥಳದ ಬುಡದಲ್ಲಿ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡು ರೆಕಾರ್ಡ್ ಮಾಡುತ್ತಿದ್ದ. ಅವನ ಕ್ಯಾಸೆಟ್ಟುಗಳಲ್ಲಿ ಪದ್ಯದ ಜೊತೆಗೆ ಯಾರದೋ ಕೆಮ್ಮು, ಕಡಲೆ ಮಾರುವವನ ಕೂಗು, ಅಳುವ ಮಗು, ಎಲ್ಲ ಇರುತ್ತಿತ್ತು.

ಉಮಾನಾಥ ಬೇರೆ ಜಾತಿಯ ಹುಚ್ಚ. ನಾಲ್ಕು ವರ್ಷ ಮುಂಬೈಯ ಹೋಟೆಲಿನ ಕೌಂಟರಿನಲ್ಲಿ ಕೂತು ತೊಂಬತ್ತೇಳರಲ್ಲಿ ಊರಿಗೆ ಬಂದಾಗ ಅವನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹಿಂದಿ ಹಾಡಿನ ಕ್ಯಾಸೆಟ್ಟೇ ಹೆಚ್ಚಿತ್ತು. ಟೆಂಪೋ ತೆಗೆದುಕೊಂಡವನು ಮೊದಲು ಮಾಡಿಸಿದ ಕೆಲಸ ಬ್ರೇಕು ನೋಡಿಸಿದ್ದಲ್ಲ, ಕುಂದಾಪುರದಲ್ಲಿ ಟೇಪ್ ಡೆಕ್ಕು ಕೂರಿಸಿದ್ದು. ಹೊಸ ಟೆಂಪೋ ನೋಡಲು ಬಂದ ಭಾವ ಚಕ್ರ ನೋಡಲಿಲ್ಲ, ಇಂಜಿನ್ ನೋಡಲಿಲ್ಲ, ಡೆಕ್ಕನ್ನೇ ನೋಡಿದ. ಮರುದಿನ ಬಂದರಿನಲ್ಲಿ ಅಂಗಿಯ ಕಿಸೆಯಿಂದ ಒಂದು ಕ್ಯಾಸೆಟ್ ತೆಗೆದು ಕೊಟ್ಟ.

"ಉಮಾ, ಇದ್ ಒಂದ್ ಕೇಣ್. ಆ ಗಂಡ ಯುದ್ಧಕ್ಕ್ ಹೊರಡತಿಗೆ ಹೆಂಡ್ತಿ ಬೀಳ್ಕೊಡು ಪದ್ಯ ಇತ್ತಲೆ, ಅದೊಂದ್ ಕೇಣ್. ಮತ್ತೆ ಬೇಕಾರೆ ಬಿಡ್."

"ಕೇಣ್ತೆ ಭಾವ. ನೀವೂ ನಂದೊಂದ್ ಕೇಣಿ" ಎಂದು ಉಮಾನಾಥ ತನ್ನದೊಂದು ಕೊಟ್ಟ. ಅಷ್ಟೇ ಅಲ್ಲ, ಮುಂಬೈಯಿಂದ ತಂದಿದ್ದ ವಾಕ್‌ಮನ್ನನ್ನೂ ಕೊಟ್ಟ. "ಇದ್ ಕೆಮಿಗ್ ಸಿಕ್ಸಕಣಿ. ಇಂಜಿನ್ ಬದಿಯಗ್ ಸುಮ್ಮನೆ ಕೂಕಂಬುದ್ ಎಂತಕ್ಕೆ? ಸಮುದ್ರದಗೂ ಹಾಡ್ ಕೇಂಬುಕಾತ್ತ್."

ಹೀಗೆ ಶುರುವಾಯಿತು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಬೋಟು ಹೊರಡುವಾಗ ಭಾವನ ಕೈಯಿಂದ ಒಂದು ಯಕ್ಷಗಾನದ ಕ್ಯಾಸೆಟ್ಟು, ಉಮಾನಾಥನ ಕೈಯಿಂದ ಒಂದು ಹಿಂದಿ ಹಾಡಿನದ್ದು. ಬೋಟು ಬಂದ ದಿನ ಐಸಿನ ಪುಡಿಯ ನಡುವೆ ನಿಂತು ಇಬ್ಬರ ವಿಮರ್ಶೆ. ನೋಡಿದವರು ಏನಂದುಕೊಳ್ಳಬೇಕು! ಬೇರೆ ಭಾವ-ಭಾವಮೈದುನರು ಗಡಿ ಜಾಗಕ್ಕೋ ಅಕ್ಕನ ಚಿನ್ನಕ್ಕೋ ಮಾತಾಡಿದರೆ ಇವರದ್ದು ಕೊಳಲು, ಚೆಂಡೆ, ತಬಲಾ.

ಗುಣಪಾಲ ಹಾಡು ಕೇಳುತ್ತಿದ್ದ ರೀತಿಯನ್ನು ಹೇಳಲೇಬೇಕು. ಅವನಿಗೆ ಹಿಂದಿ ಬರುತ್ತಿರಲಿಲ್ಲ. ಆದರೂ ಕೊಟ್ಟದ್ದನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಿದ್ದ, ಗ್ರೀಸಿನ ಕೈಯಲ್ಲೇ ಕ್ಯಾಸೆಟ್ ತಿರುಗಿಸಿ ಎರಡನೇ ಬದಿಯನ್ನೂ ಕೇಳುತ್ತಿದ್ದ. ಬಂದು ಹೇಳುತ್ತಿದ್ದ, "ಎರಡ್ನೇ ಹಾಡಿನ್ ಹೆಣ್ಣಿನ್ ಸ್ವರ ಜೇನ್ ಮಾರಾಯ. ನಾಲ್ಕನೇದ್ ಆಯ್ಲಿಲ್ಲೆ, ಬರೀ ಡಬ್ಬ ಬಡ್ದಂಗ್ ಇತ್ತ್. ಆರೂ ನೀ ಕೊಟ್ಟದ್ದಲ್ದಾ, ಎಂತಾರೂ ಇಪ್ಪುಕ್ ಸಾಕ್ ಅಂದೇಳಿ ಮತ್ತೆ ಎರಡ್ ಸಲಿ ಕೇಂಡೆ. ಆರೂ ಆಯ್ಲಿಲ್ಲೆ." ತನಗೆ ಹಿಡಿಸದ ಹಾಡನ್ನು, ಕೊಟ್ಟವನ ಮರ್ಯಾದೆಗಾಗಿ, ಮೂರು ಸಲ ಕೇಳುವ ಪುಣ್ಯಾತ್ಮರು ಈ ಭೂಮಿಯ ಮೇಲೆ ಎಷ್ಟು ಜನ ಇದ್ದಾರು? ಇಂಜಿನ್ ಸದ್ದಿನಲ್ಲಿ ಹೇಗೆ ಕೇಳುತ್ತದೆ ಎಂದು ಉಮಾನಾಥ ಒಮ್ಮೆ ವಿಚಾರಿಸಿದ್ದಕ್ಕೆ, "ಪೂರಾ ತಿರ್ಗ್ಸಿ ಇಟ್ರೆ ಕೇಣ್ತ್" ಎಂದು ಭಾವ ಹೆಬ್ಬೆರಳಿನಲ್ಲಿ ಗುಂಡಿ ತಿರುಗಿಸಿ ತೋರಿಸಿದ್ದ. ಉಮಾನಾಥ ನಕ್ಕಿದ್ದ. ನಗದೆ ಇರಬಹುದಿತ್ತು, ಆದರೆ ಅದು ಆಗ ತಿಳಿಯಬೇಕಲ್ಲ.

ಇನ್ನು ಉಮಾನಾಥ ಕೇಳಿದ ರೀತಿ. ಮೊದಲ ಕ್ಯಾಸೆಟ್ಟನ್ನು ಗಂಗೊಳ್ಳಿಯಲ್ಲೇ ಡೆಕ್ಕಿಗೆ ಹಾಕಿದ, ನಿಜ. ಚೆಂಡೆ ಬಡಿಯಿತು, ಯಾರೋ ಕೆಮ್ಮಿದರು, ಭಾಗವತರು ಸ್ವರ ಎತ್ತಿದರು. ತ್ರಾಸಿಯ ತಿರುವು ಬರುವುದರೊಳಗೆ ಅವನಿಗೆ ಆಕಳಿಕೆ ಬಂತು. ಮರವಂತೆಯಲ್ಲಿ ಅದನ್ನು ತೆಗೆದು ತನ್ನದನ್ನು ಹಾಕಿಕೊಂಡ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣದ ತಪ್ಪಿಲ್ಲ, ಅದು ಕೇಳಿದೆ ಎಂದು ಹೇಳಿಕೊಳ್ಳುವುದಿಲ್ಲ. ಉಮಾನಾಥ ಹೇಳಿಕೊಂಡ. ಬರಿದೇ ಚೆನ್ನಾಗಿತ್ತು ಎಂದರೆ ಭಾವ ಬಿಡುವವನಲ್ಲ, ಯಾವ ಪದ್ಯ, ಯಾವ ಜಾಗ ಎಂದು ಕೇಳುತ್ತಾನೆ. ಅದಕ್ಕೊಂದು ಉಪಾಯ ಮಾಡಿಕೊಂಡ. ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಕರಿಯ ಎಂಬವನಿದ್ದ, ಒಂದು ಆಟವನ್ನೂ ಬಿಟ್ಟವನಲ್ಲ. ಅವನಿಗೊಂದು ಚಾ ಕುಡಿಸಿದರೆ ಬೇಕಾದ ವಿಮರ್ಶೆ ಸಿಗುತ್ತಿತ್ತು.

"ಹ್ವಾಯ್ ಕರಿಯ, ಕೆಳಮನೆಯವ್ರ್ ಆ ಬೀಳ್ಕೊಡು ಪದ್ಯ ಹ್ಯಾಂಗ್ ಹೇಳ್ತ್ರ್?"

"ಹ್ಯಾಂಗ್ ಹೇಳ್ತ್ರ್ ಅಂದೇಳಿ ಕೇಣ್ತ್ಯಲೆ! ಮೇಲ್ ಹೋಪತಿಗೆ ಒಂದ್ ಕಡೆ ನಿಲ್ಸ್‌ತ್ರ್ ಕಾಣ್. ಚೆಂಡೆಯವ್ನೂ ಕೈ ಎತ್ಕಂಡ್ ಕೂಕಂತ. ಹೆಂಡ್ತಿ ಬಾಗ್ಲಗೆ ನಿತ್ಕಂಡ್ ಕಂಡಂಗ್ ಆತ್ತ್."

ಉಮಾನಾಥ ಅದನ್ನೇ ಭಾವನ ಮುಂದೆ ಒಪ್ಪಿಸುತ್ತಿದ್ದ. "ಮೇಲ್ ಹೋಪತಿಗೆ ನಿಲ್ಸ್‌ತ್ರಲೆ ಭಾವ, ಹೆಂಡ್ತಿ ಬಾಗ್ಲಗೆ ನಿತ್ಕಂಡ್ ಕಂಡಂಗ್ ಆತ್ತ್." ಭಾವನ ಮುಖ ಅರಳುತ್ತಿತ್ತು. ಆ ಮುಖ ನೋಡಿ ಉಮಾನಾಥನಿಗೆ ತಾನೇನೋ ದಾನ ಮಾಡಿದ ಹಾಗೆ ಖುಷಿಯಾಗುತ್ತಿತ್ತು. ಕೇಳಬೇಕಾದ್ದೇನು, ಇವತ್ತಲ್ಲ ನಾಳೆ ಒಂದು ದಿನ ಕೂತು ಕೇಳಿದರಾಯಿತು, ಭಾವನೂ ಎಲ್ಲಿಗೂ ಓಡಿ ಹೋಗುವುದಿಲ್ಲ, ಕ್ಯಾಸೆಟ್ಟೂ ಹೋಗುವುದಿಲ್ಲ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಿದ್ದ. ಕೇಳದ ಕ್ಯಾಸೆಟ್ಟುಗಳನ್ನು ಒಂದೂ ಹಾಳಾಗದ ಹಾಗೆ ತಿರುಗಿ ಕೊಡುತ್ತಿದ್ದ. ಅದರಲ್ಲಿ ಮಾತ್ರ ಬಹಳ ಪ್ರಾಮಾಣಿಕ.

ತೊಂಬತ್ತೆಂಟರ ಮಳೆಗಾಲದಲ್ಲಿ ಬೋಟುಗಳೆಲ್ಲ ದಡಕ್ಕೆ ಬಿದ್ದಿದ್ದಾಗ ಭಾವ ಉಪ್ಪುಂದಕ್ಕೆ ಬಂದ. ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ, ಕಳೆದ ಸಲ ಕೊಟ್ಟ ಕ್ಯಾಸೆಟ್ಟು ಹೇಗಿತ್ತು ಎಂದ. ಉಮಾನಾಥ ಆ ದಿನ ಸ್ವಲ್ಪ ಹೆಚ್ಚೇ ಹೊಗಳಿದ. ಕೆಳಮನೆಯವರ ಮುಂದೆ ಉಳಿದವರೆಲ್ಲ ಬರೀ ಗಂಟಲು ಕೆರೆಯುವವರು ಎಂದುಬಿಟ್ಟ. ಭಾವ ಎಲೆ ಅಗಿಯುತ್ತ ಅವನನ್ನೇ ನೋಡಿದ. ಆಮೇಲೆ ಅಂಗಳದ ಆಚೆ ನೀರು ನಿಂತಿದ್ದ ಗದ್ದೆಯನ್ನು ನೋಡಿದ.

"ಹಾಂಗಾರೆ ಒಂದ್ ಕೆಲ್ಸ ಮಾಡುವ. ನಿಮ್ಮನಿ ಗದ್ದಿಯಗೆ ಅಮ್ಮನ್ ಮೇಳದ್ದ್ ಒಂದ್ ಆಟ ಆಡ್ಸುವ. ಕೆಳಮನೆಯವ್ರ್ ಈಗ ಅದೇ ಮೇಳದಗ್ ಇದ್ರಲೆ."

"ಎಂತಕ್ಕೆ ಭಾವ? ನಾವೆಂತ ಹರಕೆ ಹೊತ್ಕಂಡಿಲ್ಲೆ."

"ಟೆಂಪೋ ತಕಂಡ್ಯಲೆ? ಅದಕ್ಕೇ ಒಂದ್ ಹರಕೆ."

ಹೊಗಳಿದವನು ಬಲೆಗೆ ಬಿದ್ದ. ಇಲ್ಲ ಎನ್ನಲು ಬಾಯಿ ಎಲ್ಲಿದೆ? ಭಾವ ಆ ವಾರವೇ ಹೋಗಿ ಉಮಾನಾಥನ ಮನೆಯ ಹೆಸರಿನಲ್ಲಿ ಆಟ ಬರೆಸಿ ಬಂದ. ನಮ್ಮ ಕಡೆಯ ಹರಕೆ ಆಟದ ವಿಚಾರ ಗೊತ್ತಿಲ್ಲದವರಿಗೆ ಒಂದು ಮಾತು. ಅಮ್ಮ ಎಂದರೆ ದೇವಿ, ಅವಳಿಗೆ ಹರಕೆ ಹೊತ್ತವರ ಮನೆಯ ಮುಂದೆ ದೇವಸ್ಥಾನದ ಇಡೀ ಮೇಳ ಬಂದು ಆಡುತ್ತದೆ, ದಿನಕ್ಕೊಂದು ಮನೆ. ಆದರೆ ಬರೆಸಿದವರು ಅಷ್ಟು ಜನ, ಸರದಿ ಬರುವುದಕ್ಕೆ ವರ್ಷಗಟ್ಟಲೆ ಕಾಯಬೇಕು. ತೊಟ್ಟಿಲಿನ ಮಗುವಿಗೆ ಹೊತ್ತ ಹರಕೆ ಅದರ ಮದುವೆಯ ಹೊತ್ತಿಗೆ ತೀರುವುದೂ ಉಂಟು. ಇವರ ಸರದಿ ಬರಲು ಏನಿಲ್ಲವೆಂದರೂ ಹನ್ನೆರಡು ಹದಿನಾಲ್ಕು ವರ್ಷ ಎಂದು ಕೇಳಿದಾಗ ಉಮಾನಾಥ ನಿಟ್ಟುಸಿರು ಬಿಟ್ಟದ್ದು ಬೇಸರದಿಂದಲ್ಲ. ಅಷ್ಟರಲ್ಲಿ ಯಾರು ರಾಜನೋ ಯಾರು ಮಂತ್ರಿಯೋ!

ಕ್ಯಾಸೆಟ್ಟಿನ ವ್ಯವಹಾರ ಮತ್ತೆ ಐದಾರು ವರ್ಷ ನಡೆಯಿತು. ಆಮೇಲೆ ಸಿ.ಡಿ. ಬಂತು, ಪೆನ್‌ಡ್ರೈವ್ ಬಂತು. ಟೆಂಪೋದ ಡೆಕ್ಕು ಧೂಳು ತಿನ್ನತೊಡಗಿತು. ಬೋಟಿನಿಂದ ಬಂದ ಭಾವ ಈಗ ವಿಮರ್ಶೆ ಹೇಳುವುದು ಕಡಿಮೆಯಾಯಿತು. ವಯಸ್ಸಾಯಿತು, ಆಸಕ್ತಿ ಹೋಯಿತು ಎಂದುಕೊಂಡ ಉಮಾನಾಥ. ಮೊದಲು ಗುಮಾನಿ ಬಂದದ್ದು ರತ್ನಳಿಗೆ. ಟಿ.ವಿ.ಯ ಸದ್ದು ಪಕ್ಕದ ಮನೆಗೆ ಕೇಳುವಷ್ಟು ಜೋರು, ಹಿಂದಿನಿಂದ ಕರೆದರೆ ತಿರುಗಿ ನೋಡುವುದಿಲ್ಲ, ಕೇಳಿದ್ದಕ್ಕೆಲ್ಲ ಹೂಂ. "ಇವ್ರ ಕೆಮಿಗ್ ಎಂತದೋ ಆಯಿತ್, ಒಂದ್ಸಲಿ ಕರ್ಕಂಡ್ ಹೋಗ್" ಎಂದು ತಮ್ಮನಿಗೆ ಫೋನ್ ಮಾಡಿದಳು.

ಉಮಾನಾಥ ಭಾವನನ್ನು ಉಡುಪಿಯ ಕಿವಿ ಡಾಕ್ಟರ ಹತ್ತಿರ ಕರೆದೊಯ್ದ. ಗಾಜಿನ ಕೋಣೆಯಲ್ಲಿ ಕೂರಿಸಿ, ತಲೆಗೆ ಏನೋ ಸಿಕ್ಕಿಸಿ, ಸದ್ದು ಕೇಳಿದಾಗ ಬೆರಳೆತ್ತಿ ಎಂದರು. ಹೊರಗಿನಿಂದ ನೋಡುತ್ತಿದ್ದ ಉಮಾನಾಥ ಭಾವನ ಬೆರಳನ್ನೇ ಕಾದ. ಅದು ಏಳುತ್ತಿದ್ದದ್ದು ತೀರಾ ಅಪರೂಪಕ್ಕೆ. ಡಾಕ್ಟರು ಕಾಗದ ನೋಡಿ, ಏನು ಕೆಲಸ ಎಂದು ಕೇಳಿದರು. ಬೋಟಿನ ಇಂಜಿನ್ ಎಂದಾಗ ತಲೆಯಾಡಿಸಿದರು. "ಕಿವಿಗೆ ಏನಾದರೂ ಹಾಕಿಕೊಳ್ಳುತ್ತಿದ್ದರೋ, ಹತ್ತಿ ಗಿತ್ತಿ?" ಎಂದರು.

ಆ ಪ್ರಶ್ನೆಯನ್ನು ಡಾಕ್ಟರು ಜೋರಾಗಿ ಕೇಳಿದ್ದರಿಂದ ಗುಣಪಾಲನಿಗೆ ತಿಳಿಯಿತು. "ಹಾಡ್ ಕೇಂತಿದ್ದೆ" ಎಂದು ನಗುತ್ತ ಹೇಳಿದ. "ಇವ ಕೊಟ್ಟದ್ದ್. ಪೂರಾ ತಿರ್ಗ್ಸಿ ಇಟ್ಕಂತಿದ್ದೆ."

ಡಾಕ್ಟರು ಉಮಾನಾಥನ ಕಡೆ ನೋಡಿದರು. "ಇಂಜಿನ್ ಒಂದೇ ಆಗಿದ್ದರೆ ಇನ್ನೂ ಕೆಲವು ವರ್ಷ ತಾಳುತ್ತಿತ್ತೇನೋ. ಅದರ ಮೇಲೆ ಅಷ್ಟು ಜೋರಾಗಿ ಹಾಡು ಸುರಿದರೆ ಕಿವಿಯಾದರೂ ಏನು ಮಾಡಬೇಕು ಹೇಳಿ" ಎಂದರು. ಬೈದದ್ದಲ್ಲ, ಸುಮ್ಮನೆ ಹೇಳಿದ್ದು. ಬೈದಿದ್ದರೆ ವಾಸಿಯಿತ್ತು. ಹಿಂದೆ ಬರುವಾಗ ಬ್ರಹ್ಮಾವರದಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ಉಮಾನಾಥ ಚಾ ಆರಲು ಬಿಟ್ಟು ಭಾವನ ಕಿವಿಯನ್ನೇ ನೋಡುತ್ತ ಕೂತ. ಹಿಡಿಸದ ಹಾಡನ್ನು ಮೂರು ಮೂರು ಸಲ ಕೇಳಿದವನ ಕಿವಿ ಹೋಗಿತ್ತು. ಒಂದನ್ನೂ ಕೇಳದವನ ಕಿವಿ ಗಟ್ಟಿಮುಟ್ಟಾಗಿತ್ತು. ಇದ್ಯಾವ ನ್ಯಾಯ ಎಂದು ಯಾರನ್ನು ಕೇಳುವುದು?

ಕಿವಿಗೆ ಸಿಕ್ಕಿಸುವ ಮಿಷನ್ನು ತಂದದ್ದೂ ಆಯಿತು. ಅದನ್ನು ಹಾಕಿಕೊಂಡರೆ ಎಲ್ಲ ಸದ್ದೂ ಅಡಿಗೆಮನೆಯಲ್ಲಿ ಪಾತ್ರೆ ಬಿದ್ದ ಹಾಗಾಗುತ್ತದೆ ಎಂದು ಭಾವ ಬಿಚ್ಚಿಟ್ಟ. ಎದುರು ಕೂತು ಕೂಗಿದರೆ ಒಂದಷ್ಟು ಮಾತು ಅರ್ಥವಾಗುತ್ತಿತ್ತು. ಸ್ವರ, ರಾಗ ಎಂಬುದು ಮುಗಿದ ಕತೆ.

ರತ್ನ ಒಂದು ದಿನ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ತಮ್ಮನ ಟೆಂಪೋದಲ್ಲಿಟ್ಟಳು. ಒಳಗೆ ಕೆಳಮನೆಯವರ ಅಷ್ಟೂ ಕ್ಯಾಸೆಟ್ಟುಗಳು.

"ಇದ್ ನೀನೇ ತಕಂಡ್ ಹೋಗ್ ಉಮಾ. ಕಂಡ್ರೆ ಇವ್ರಿಗ್ ಬೇಜಾರ್ ಆತ್ತ್. ನಿಂಗೂ ಇದಂದ್ರೆ ಜೀವ ಅಲ್ದಾ?"

ಅಕ್ಕನ ಮುಖ ನೋಡಲು ಅವನಿಗೆ ಆಗಲಿಲ್ಲ. ಪೆಟ್ಟಿಗೆ ಸೀಟಿನ ಪಕ್ಕ ಹಲವು ವಾರ ಹಾಗೆಯೇ ಇತ್ತು. ಒಂದು ಮಧ್ಯಾಹ್ನ ಬಂಗುಡೆ ತುಂಬಿಕೊಂಡು ಭಟ್ಕಳಕ್ಕೆ ಹೊರಟಿದ್ದಾಗ, ಬೈಂದೂರು ದಾಟಿದ ಮೇಲೆ, ಅದೇನು ಮನಸ್ಸಿಗೆ ಬಂತೋ, ಕೈಗೆ ಸಿಕ್ಕಿದ ಒಂದನ್ನು ತೆಗೆದು, ಡೆಕ್ಕಿನ ಧೂಳು ಊದಿ, ಒಳಗೆ ತಳ್ಳಿದ. ಒತ್ತಿನೆಣೆಯ ಏರಿನಲ್ಲಿ ಟೆಂಪೋ ತೇಕುತ್ತಿತ್ತು. ಚೆಂಡೆ ನಿಂತು ಭಾಗವತರು ಒಬ್ಬರೇ ಉಳಿದರು. ಗಂಡ ಹೊರಟಿದ್ದಾನೆ, ಹೆಂಡತಿಗೆ ತಡೆಯುವ ಹಕ್ಕಿಲ್ಲ, ಹೋಗಿ ಬಾ ಎನ್ನಬೇಕು. ಸ್ವರ ಮೇಲಕ್ಕೆ ಹೋಗುತ್ತ ಹೋಗುತ್ತ ಒಂದು ಕಡೆ ನಿಂತುಬಿಟ್ಟಿತು, ಇಳಿಯಲಿಲ್ಲ, ಒಡೆಯಲೂ ಇಲ್ಲ. ಉಮಾನಾಥನ ಕಾಲು ಅವನನ್ನು ಕೇಳದೆ ಬ್ರೇಕಿನ ಮೇಲೆ ಹೋಯಿತು. ಅದೇ ಹೊತ್ತಿಗೆ ಕ್ಯಾಸೆಟ್ಟಿನಲ್ಲಿ, ಮೈಕಿಗೆ ತೀರಾ ಹತ್ತಿರ, ಯಾರೋ 'ಆಹ್' ಎಂದು ಉಸಿರು ಬಿಟ್ಟರು. ಟೇಪ್‌ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಭಾವನ ಉಸಿರು ಅದು. ಇಬ್ಬರಿಗೂ ಅದೇ ಜಾಗದಲ್ಲಿ ತಗುಲಿತ್ತು, ನಡುವೆ ಹತ್ತು ವರ್ಷ ಹೋಗಿತ್ತು ಅಷ್ಟೇ.

ಅವನು ಆ ಪದ್ಯವನ್ನು ಮತ್ತೆ ಮತ್ತೆ ಕೇಳಿದ. ಆಮೇಲೆ ಟೆಂಪೋ ತಿರುಗಿಸಿ, ಮೀನು ಹಾಳಾದರೆ ಹಾಳಾಗಲಿ ಎಂದು ಸೀದಾ ತ್ರಾಸಿಗೆ ಬಂದ. ಭಾವ ಅಂಗಳದಲ್ಲಿ ಬಲೆಯ ದಾರ ಬಿಡಿಸುತ್ತ ಕೂತಿದ್ದ.

"ಭಾವ, ಆ ಪದ್ಯ ಕೇಂಡೆ."

"ಎಂತ?"

"ಪದ್ಯ ಕೇಂಡೆ! ಬೀಳ್ಕೊಡು ಪದ್ಯ!"

"ಎಂತ ಮಾರಾಯ, ಜೋರ್ ಹೇಳ್."

ಉಮಾನಾಥ ಕೈ ಬಾಯಿಗೆ ಹಿಡಿದು ಕೂಗಿದ. ಪಕ್ಕದ ಮನೆಯವರು ಏನು ಜಗಳವೋ ಎಂದು ಹೊರಗೆ ಬಂದರು. ಸ್ವರ ನಿಂತ ಜಾಗದ ಬಗ್ಗೆ, ತನ್ನ ಕಾಲು ತಾನಾಗಿ ಬ್ರೇಕ್ ಒತ್ತಿದ್ದರ ಬಗ್ಗೆ, ಆ ಒಂದು ಉಸಿರಿನ ಬಗ್ಗೆ ಅವನಿಗೆ ಹೇಳಬೇಕಿತ್ತು. ಅದೆಲ್ಲ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳುವ ಮಾತು, ಮೀನು ಹರಾಜು ಹಾಕುವವನ ಹಾಗೆ ಅರಚಿ ಹೇಳುವುದಲ್ಲ. "ಎಂತ ಇಲ್ಲೆ ಭಾವ" ಎಂದು ಕೈಯಾಡಿಸಿ ಟೆಂಪೋ ಕಡೆ ತಿರುಗಿದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಹಿರಿಯರು ಇಂಥವರನ್ನು ನೋಡಿಯೇ ಹೇಳಿದ್ದು.

ಅಲ್ಲಿಂದ ಮುಂದೆ ಉಮಾನಾಥನಿಗೆ ಕೆಳಮನೆಯವರ ಹುಚ್ಚು ಹಿಡಿಯಿತು. ಹುಚ್ಚು ಹಿಡಿದವನಿಗೆ ಅದನ್ನು ಇನ್ನೊಬ್ಬರಿಗೆ ಹಿಡಿಸದೆ ನಿದ್ದೆ ಬರುವುದಿಲ್ಲ. ಕುಂದಾಪುರದ ಮೊಬೈಲ್ ಅಂಗಡಿಯಲ್ಲಿ ಆ ಪದ್ಯವನ್ನು ಫೋನಿಗೆ ಹಾಕಿಸಿ, ಭಾವನ ಮಗಳು ದಿವ್ಯಾಳಿಗೆ ಕೊಟ್ಟ. ಕಾಲೇಜಿಗೆ ಹೋಗುವ ಹುಡುಗಿ, ಬಸ್ಸಿನಲ್ಲಿ ಸದಾ ಕಿವಿಗೆ ವೈರು ಸಿಕ್ಕಿಸಿಕೊಂಡಿರುವವಳು. ಮರುವಾರ ಸಿಕ್ಕಿದಾಗ ಆಸೆಯಿಂದ ವಿಚಾರಿಸಿದ.

"ಕೇಂಡೆ ಮಾವ, ಸೂಪರ್ ಇತ್ತ್" ಎಂದಳು ದಿವ್ಯಾ.

ಅವಳು ಹೇಳಿದ ವೇಗ, ಕಣ್ಣು ಬೇರೆ ಕಡೆ ಹೋದದ್ದು, ಎಲ್ಲ ಅವನಿಗೆ ಚೆನ್ನಾಗಿ ಪರಿಚಯ ಇದ್ದದ್ದೇ. ಹೌದಾ, ಒಳ್ಳೇದಾಯಿತು ಎಂದು ನಕ್ಕ. ಭಾವನಿಗೂ ಹೀಗೆಯೇ ಗೊತ್ತಾಗಿರಬಹುದೇ ಎಂಬ ಯೋಚನೆ ಅವತ್ತು ಮೊದಲ ಸಲ ಬಂತು. ಛೇ, ಇರಲಾರದು, ಗೊತ್ತಾಗಿದ್ದರೆ ಅಷ್ಟು ವರ್ಷ ಕೊಡುತ್ತಿದ್ದನೇ ಎಂದು ಅದನ್ನು ತಳ್ಳಿಹಾಕಿದ.

ಎರಡು ಸಾವಿರದ ಹನ್ನೆರಡರಲ್ಲಿ ಮೇಳದವರಿಂದ ಫೋನು ಬಂತು. ಈ ವರ್ಷದ ತಿರುಗಾಟದಲ್ಲಿ ನಿಮ್ಮ ಸರದಿ ಎಂದರು. ಉಮಾನಾಥನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಳಮನೆ ಭಾಗವತರು ಇನ್ನೂ ಮೇಳದಲ್ಲಿದ್ದರು, ತಲೆ ಪೂರಾ ಬೆಳ್ಳಗಾಗಿತ್ತು, ಸ್ವರ ಹಾಗೆಯೇ ಇತ್ತು. ಕೇಳಿಸಬೇಕು ಎಂದಿದ್ದವನಿಗೆ ಮಾತ್ರ ಕಿವಿ ಇರಲಿಲ್ಲ. ಆಟ ಬೇಡ ಎನ್ನುವ ಹಾಗಿಲ್ಲ, ಅಮ್ಮನ ಹೆಸರಿನಲ್ಲಿ ಬರೆಸಿದ್ದು. ಭಾವನಿಗೆ ಹೋಗಿ ಹೇಳಿದರೆ ಅವನು ಮಗುವಿನ ಹಾಗೆ ಕುಣಿದ. "ಬತ್ತೆ, ಬತ್ತೆ. ನಂಗ್ ಮುಂದ್ಗಡೆ ಕುರ್ಚಿ ಇಡ್" ಎಂದ.

ಆಟದ ದಿನ ಸಂಜೆಗೇ ಗುಣಪಾಲ ಬಿಳಿ ಅಂಗಿ ಹಾಕಿಕೊಂಡು ಬಂದ. ವೇಷ ಕಟ್ಟುವ ಚೌಕಿಯಲ್ಲಿ ಪೂಜೆಯಾಯಿತು, ಊರಿನವರ ಊಟವಾಯಿತು, ಕೊಯ್ಲಾದ ಗದ್ದೆಯಲ್ಲಿ ಜನ ತುಂಬಿದರು. ಉಮಾನಾಥ ಮೇಳದವರಲ್ಲಿ ಕೇಳಿಕೊಂಡು ಆ ಬೀಳ್ಕೊಡುಗೆ ಬರುವ ಪ್ರಸಂಗವನ್ನೇ ಇಡಿಸಿದ್ದ. ಮುಂದಿನ ಸಾಲಿನಲ್ಲಿ ಭಾವನ ಪಕ್ಕ ಕೂತ. ಚೆಂಡೆ ಶುರುವಾದಾಗ ಭಾವ ಎದೆಯ ಮೇಲೆ ಅಂಗೈ ಇಟ್ಟುಕೊಂಡ. "ಚೆಂಡೆ ಇಲ್ಲಿ ಕೇಣ್ತ್" ಎಂದು ನಕ್ಕ. ಪದ್ಯ ಬಂದಾಗ ಭಾಗವತರ ಬಾಯಿಯನ್ನೂ ಮದ್ದಳೆಯವನ ಕೈಯನ್ನೂ ನೋಡುತ್ತ ತಲೆಯಾಡಿಸುತ್ತಿದ್ದ. ಉಮಾನಾಥನಿಗೆ ಅದನ್ನು ನೋಡುತ್ತ ಕೂರಲು ಆಗಲಿಲ್ಲ. ಕಿವಿಯಿದ್ದಾಗ ಈ ಮನುಷ್ಯ ಎಷ್ಟು ಸಲ ಕರೆದಿದ್ದ, ಬಾ, ಒಂದು ಆಟ ಒಟ್ಟಿಗೆ ನೋಡುವ ಎಂದು. ಅಷ್ಟೂ ಸಲ ಇವನಿಗೆ ಮರುದಿನ ಲೋಡು ಇರುತ್ತಿತ್ತು. ಇನ್ನೂ ಸುಳ್ಳು ಹೊತ್ತುಕೊಂಡು ಭಾವನ ಪಕ್ಕ ಕೂತರೆ ಅಮ್ಮ ಮೆಚ್ಚುವಳೇ? ಹೇಳಿಬಿಡಬೇಕು ಎನಿಸಿತು.

ಭಾವನ ಕಿವಿಗೆ ಬಾಯಿ ತಂದು, ಚೆಂಡೆಯ ಅಬ್ಬರವನ್ನೂ ಮೀರಿ ಗಂಟಲು ಹರಿಯುವ ಹಾಗೆ ಕೂಗಿದ.

"ಭಾವಾ! ನೀವ್ ಕೊಟ್ಟ್ ಕ್ಯಾಸೆಟ್ ಆಗಳ್ ನಾನ್ ಒಂದೂ ಕೇಣ್ಲಿಲ್ಲೆ! ಎಲ್ಲ ಸುಳ್ಳ್ ಹೇಳಿದ್ದ್!"

ವೇಷ ಒಳಗೆ ಹೋಗಿ, ಚೆಂಡೆ ಆ ಕ್ಷಣಕ್ಕೇ ನಿಂತಿತ್ತು. ಅರ್ಧ ಗದ್ದೆಗೆ ಕೇಳಿತು. ಹೆಂಗಸರ ಸಾಲಿನಲ್ಲಿದ್ದ ರತ್ನ ತಿರುಗಿ ನೋಡಿದಳು. ಯಾರೋ ಹುಡುಗರು ಕಿಸಕ್ಕೆಂದರು. ಗುಣಪಾಲ ಮಾತ್ರ ರಂಗಸ್ಥಳದಿಂದ ಕಣ್ಣು ತೆಗೆದು ಭಾವಮೈದುನನ ತೊಡೆಯ ಮೇಲೆ ಕೈಯಿಟ್ಟ.

"ಗೊತ್ತಿತ್ತ್ ಮಾರಾಯ" ಎಂದ. ಕಿವುಡರ ಮಾತು, ಅದೂ ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಇತ್ತು. "ನೀ ಹೇಳ್ತಿದ್ದದ್ದೆಲ್ಲ ಕರಿಯನ್ ಮಾತ್. ಅವ ನಂಗೂ ಅದನ್ನೇ ಹೇಳ್ತಿದ್ದ."

"ಗೊತ್ತಿದ್ದೂ ಮತ್ತೆಂತಕ್ಕೆ ಕೊಡ್ತಿದ್ರಿ?" ಎಂದು ಉಮಾನಾಥ ಮತ್ತೆ ಕಿವಿಗೆ ಕೂಗಿದ.

"ಒಂದಲ್ಲಾ ಒಂದ್ ದಿನ ಕೇಣ್ತ್ಯ ಅಂದೇಳಿ." ಅವನು ರಂಗಸ್ಥಳದ ಕಡೆ ಕೈ ತೋರಿಸಿದ. "ಈ ಆಟ ಎಂತಕ್ಕೆ ಬರ್ಸದ್ದ್ ಅಂದ್ಕಂಡಿದ್ದೆ? ಟೆಂಪೋಗಲ್ಲ. ಕ್ಯಾಸೆಟ್ ಆರೆ ಬಂದ್ ಮಾಡ್ಲಕ್. ನಿನ್ನ್ ಮನಿ ಬಾಗ್ಲಗೇ ಆಟ ಆರೆ ಎದ್ದ್ ಹೋಪುಕಾತಿಲ್ಲೆ ಅಲ್ದಾ? ನನ್ನ್ ಬದಿಯಗ್ ಕೂಕಂಡ್ ಒಂದ್ ಪದ್ಯ ಆರೂ ಕೇಣ್ಲಿ ಅಂದೇಳಿ ಬರ್ಸದ್ದ್. ಸರದಿ ಬಪ್ಪತಿಗೆ ಇಷ್ಟ್ ತಡ ಆತ್ತ್ ಅಂದ್ ಯಾರಿಗ್ ಗೊತ್ತಿತ್ತ್?"

ಸರದಿ ದೂರ ಇದೆ ಎಂದು ಕೇಳಿದ ದಿನ ತಾನು ಬಿಟ್ಟ ಉಸಿರನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿದ್ದರೆ ಉಮಾನಾಥ ಇದ್ದ ಟೆಂಪೋವನ್ನೇ ಕೊಟ್ಟುಬಿಡುತ್ತಿದ್ದ. ಅಷ್ಟರಲ್ಲಿ ಹೆಂಡತಿಯ ವೇಷ ರಂಗಸ್ಥಳಕ್ಕೆ ಬಂತು. ಅದನ್ನು ನೋಡಿ ಭಾವನಿಗೆ ಯಾವ ಪದ್ಯ ಬರುತ್ತದೆಂದು ತಿಳಿಯಿತು. ಅವನ ಮುಖಕ್ಕೆ ಹಳೆಯ ಕಳೆ ಬಂತು.

"ಬಂತ್ ಕಾಣ್, ಅದೇ. ನನ್ನ್ ಲೆಕ್ಕದ್ದೂ ನೀನೇ ಕೇಣ್. ಮುಗ್ದ್ ಮೇಲೆ ಹ್ಯಾಂಗಿತ್ತ್ ಹೇಳ್."

ಕೆಳಮನೆ ಭಾಗವತರು ಕಣ್ಣು ಮುಚ್ಚಿ ಬಾಯಿ ತೆರೆದರು. ಉಮಾನಾಥ ಕುರ್ಚಿಯ ಅಂಚಿಗೆ ಬಂದು ಕೂತ. ಇಬ್ಬರ ಪಾಲಿನದನ್ನೂ ಕೇಳಬೇಕು, ಒಂದು ಎಳೆಯೂ ತಪ್ಪಬಾರದು ಎಂದುಕೊಂಡ. ಆದರೆ ಅವನ ತಲೆಯೊಳಗೆ ಭಾವನ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ನನ್ನ ಬದಿಯಲ್ಲಿ ಕೂತು ಒಂದು ಪದ್ಯ, ಒಂದೇ ಒಂದು ಪದ್ಯ. ಕಣ್ಣಿಗೆ ನೀರು ಬಂತು, ಕಿವಿಯಲ್ಲಿ ತನ್ನದೇ ರಕ್ತ ಬಡಿಯುವ ಸದ್ದು ತುಂಬಿತು. ಭಾಗವತರ ಬಾಯಿ ಆಡುವುದು ಕಾಣುತ್ತಿತ್ತು, ಹೆಂಡತಿಯ ವೇಷ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ಕಾಣುತ್ತಿತ್ತು. ಯಾವಾಗ ಸ್ವರ ಏರಿತೋ, ಎಲ್ಲಿ ನಿಂತಿತೋ ಅವನಿಗೆ ತಿಳಿಯಲಿಲ್ಲ. ಸುತ್ತಲಿನ ಜನ ಒಮ್ಮೆಲೇ ಚಪ್ಪಾಳೆ ತಟ್ಟಿದಾಗಲೇ ಪದ್ಯ ಮುಗಿಯಿತೆಂದು ಗೊತ್ತಾದದ್ದು.

ಭಾವ ಅವನ ಕಡೆ ತಿರುಗಿ, ಕಿವಿಯ ಹಿಂದೆ ಕೈ ಹಿಡಿದು ಬಗ್ಗಿದ.

"ಹ್ಯಾಂಗಿತ್ತಾ?"

ಉಮಾನಾಥ ಅವನ ಕಿವಿಗೆ ಬಾಯಿ ಇಟ್ಟು, "ಲಾಯ್ಕಿತ್ತ್ ಭಾವ, ಭಾರೀ ಲಾಯ್ಕಿತ್ತ್" ಎಂದು ಕೂಗಿದ.

ಭಾವ ಅವನ ಒದ್ದೆ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಅವನ ತೊಡೆಯ ಮೇಲೊಮ್ಮೆ ತಟ್ಟಿ ರಂಗಸ್ಥಳದ ಕಡೆ ತಿರುಗಿ ಕೂತ.